ಬಾಗಳೆವ್ವನ ಹೆಸರು

ನನ್ನ ತಾಯಿಯ ತಂದೆಯ ತಾಯಿಯನ್ನು ನಾನು ನೋಡಿದವಳಲ್ಲ. ಮನೆ, ಓಣಿ, ಊರು ಎಲ್ಲ ಆಕೆಯನ್ನು ಕರೆಯುತ್ತಿದ್ದುದು ಬಾಗಳೆವ್ವ ಎಂದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಿಂದ ಕೊಟ್ಟೂರಿನ ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಬಂದವಳಾದ್ದರಿಂದ ಆ ಹೆಸರು. ನಮ್ಮ ಸೀಮೆಯಲ್ಲಿ ಇದೇನೂ ಹೊಸದಲ್ಲ. ಹಡಗಲಿಯಿಂದ ಬಂದವಳು ಹಡಗಲೆವ್ವ, ಕೂಡ್ಲಿಗಿಯಿಂದ ಬಂದವಳು ಕೂಡ್ಲಿಗೆವ್ವ. ಹೆಣ್ಣು ತವರು ಬಿಟ್ಟು ಬಂದರೂ ತವರೂರು ಆಕೆಯನ್ನು ಬಿಡುವುದಿಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರು ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಗುತ್ತದೆ.

ಬಾಗಳೆವ್ವನ ನಿಜವಾದ ಹೆಸರೇನು? ಆಕೆಯ ಮದುವೆ ಯಾವ ವರ್ಷ ಆಯಿತು? ಈ ಎರಡು ಪ್ರಶ್ನೆಗಳು ಬಹಳ ಕಾಲ ನನ್ನನ್ನು ಕಾಡಿದವು.

ಇಂಗ್ಲೆಂಡಿನ ಹೆಣ್ಣುಮಗಳೊಬ್ಬಳಿಗೆ ಇದೇ ಪ್ರಶ್ನೆ ಬಂದರೆ ಆಕೆ ಹುಡುಕುವುದು ಊರ ಚರ್ಚಿನ ಹಳೆಯ ಪುಸ್ತಕವನ್ನು. ಎಂಟನೆಯ ಹೆನ್ರಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಒಂದು ಅಪ್ಪಣೆ ಹೊರಡಿಸಿದ: ಪ್ರತಿಯೊಂದು ಚರ್ಚೂ ತನ್ನ ವ್ಯಾಪ್ತಿಯ ಮಕ್ಕಳ ದೀಕ್ಷಾಸ್ನಾನ, ಮದುವೆ, ಮಣ್ಣು ಈ ಮೂರನ್ನೂ ಬರೆದಿಡಬೇಕು. 1754ರಿಂದ ಜಾರಿಗೆ ಬಂದ ಕಾನೂನಿನಂತೆ ಮದುವೆಯ ಪುಸ್ತಕದಲ್ಲಿ ವಧೂವರರೂ ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕಾಯಿತು. ಅಕ್ಷರ ಬಾರದವರು ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಗುರುತು ಹಾಕುತ್ತಿದ್ದರು. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ. ಇನ್ನೂರು ವರ್ಷದ ಹಿಂದೆ ಹಾಲು ಕರೆದು ಬದುಕಿದ ಹುಡುಗಿಯೊಬ್ಬಳ ನಡುಗುವ ಕೈಯ ಗೆರೆ ಇಂದೂ ಅಲ್ಲಿ ನೋಡಸಿಗುತ್ತದೆ.

ಈ ಪುಸ್ತಕದ ಪದ್ಧತಿ ನಮ್ಮ ಜಿಲ್ಲೆಗೂ ಬಂದಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದೊಡ್ಡ ದಂಡಿನ ಊರಾಯಿತು. ಮದ್ರಾಸ್ ಪ್ರಾಂತದ ಚರ್ಚುಗಳಲ್ಲಿ ಬರೆದ ಮದುವೆಗಳ ನಕಲು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೀಗೆ ಬಿಳಿಯ ಸಿಪಾಯಿಯೊಬ್ಬ ನಮ್ಮ ನೆಲದಲ್ಲಿ ಮಾಡಿಕೊಂಡ ಮದುವೆಯ ದಿನ ತಿಳಿಯುತ್ತದೆ. ಅದೇ ಜಿಲ್ಲೆಯ ಬಾಗಳೆವ್ವನ ಮದುವೆಗೆ ಪುಸ್ತಕವಿಲ್ಲ. ನಮ್ಮ ಮದುವೆಗೆ ಚಪ್ಪರ, ಅಕ್ಷತೆ, ಐವರು ಮುತ್ತೈದೆಯರು, ಉಂಡುಹೋದ ಊರು, ಇಷ್ಟೇ ದಾಖಲೆ. ಉಂಡವರು ಮಣ್ಣಾದ ಮೇಲೆ ಸಾಕ್ಷಿ ಹೇಳುವವರು ಯಾರು?

ನಾನು ಮೊದಲು ಆಸೆಪಟ್ಟದ್ದು ಹೆಳವರ ಮೇಲೆ. ಎತ್ತಿನೊಂದಿಗೆ ಊರೂರು ತಿರುಗಿ, ಸುಗ್ಗಿಯ ಕಾಲಕ್ಕೆ ಬಾಗಿಲಲ್ಲಿ ನಿಂತು ಮನೆತನದ ವಂಶಾವಳಿ ಹೇಳಿ, ಕಾಳುಕಡಿ, ಬಟ್ಟೆ ಪಡೆದು ಹೋಗುವವರು ಅವರು. ಬಾಯಲ್ಲೇ ಇದ್ದ ವಂಶಾವಳಿಯನ್ನು ಈಚಿನ ತಲೆಮಾರಿನವರು ಪುಸ್ತಕದಲ್ಲಿ ಬರೆದುಕೊಂಡಿರುತ್ತಾರೆ. ನಮ್ಮ ಸೋದರಮಾವನ ಮನೆಗೆ ಬಂದ ಹೆಳವರು ಏಳು ತಲೆಮಾರಿನ ಗಂಡಸರ ಹೆಸರನ್ನು ಒಂದೇ ಉಸಿರಿಗೆ ಹೇಳಿದರು. ಮುತ್ತಜ್ಜನ ಸರದಿ ಬಂದಾಗ, "ಇವರಿಗೆ ಬಾಗಳಿಯಿಂದ ಹೆಣ್ಣು ತಂದರು" ಎಂದು ಮುಂದಕ್ಕೆ ಹೋದರು. ಹೆಣ್ಣು ಬಂದ ಊರಿತ್ತು, ಹೆಣ್ಣಿನ ಹೆಸರಿರಲಿಲ್ಲ.

ಆಮೇಲೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿದೆ. ಮದುವೆಯ ಮುಯ್ಯಿಯ ಪಾತ್ರೆಯ ಮೇಲೆ ಚುಕ್ಕಿ ಹೊಡೆದು ಹೆಸರು ಬರೆಸುವುದು ನಿಮಗೆಲ್ಲ ಗೊತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಒಂದು ಕೊಡದ ಕಂಠದಲ್ಲಿ ಅಕ್ಷರ ಎದ್ದವು. ಅದು ಕೊಡ ಕೊಟ್ಟ ಅಣ್ಣನ ಹೆಸರು, ಪಕ್ಕದಲ್ಲಿ ಬಾಗಳಿ. ಅದನ್ನು ಸೊಂಟದ ಮೇಲೆ ಹೊತ್ತು ನೀರು ತಂದವಳ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಬಾಗಳಿಗೇ ಹೋದೆ. ಅಲ್ಲಿನ ಕಲ್ಲೇಶ್ವರ ದೇವಾಲಯದಲ್ಲಿ ಶಾಸನಗಳು ಹೇರಳ. ಕಲ್ಯಾಣದ ಚಾಲುಕ್ಯರ ಇಮ್ಮಡಿ ತೈಲಪನ ಕಾಲದಲ್ಲಿ, 987ರಲ್ಲಿ, ದುಗ್ಗಿಮಯ್ಯನೆಂಬವನು ಇಲ್ಲಿ ಗುಡಿ ಕಟ್ಟಿಸಿದ ಸಂಗತಿ ಕಲ್ಲಿನಲ್ಲಿದೆ. ಸಾವಿರ ವರ್ಷದ ಹಿಂದಿನ ದಾನಿಯ ಹೆಸರನ್ನು ಕಾಯ್ದುಕೊಂಡ ಊರು ತನ್ನ ಮಗಳ ಹೆಸರನ್ನು ನೂರು ವರ್ಷ ಕಾಯಲಿಲ್ಲವಲ್ಲ ಎಂದು ಕಂಬವೊಂದಕ್ಕೆ ಒರಗಿ ಕುಳಿತಾಗ ಅನ್ನಿಸಿತು. ಹೆಣ್ಣಿನ ಹೆಸರು ಕಲ್ಲಿಗೆ ಬರುವುದೇ ಇಲ್ಲವೆಂದಲ್ಲ. ಅದೇ ತೈಲಪನ ಕಾಲದ ಅತ್ತಿಮಬ್ಬೆ ಮಲ್ಲಪಯ್ಯನ ಮಗಳು, ತಂಗಿ ಗುಂಡಮಬ್ಬೆಯೊಂದಿಗೆ ನಾಗದೇವನನ್ನು ಮದುವೆಯಾದವಳು ಎಂಬುದು ನಮಗೆ ಇಂದಿಗೂ ಗೊತ್ತು. ರನ್ನ ಕವಿ 993ರ ಅಜಿತಪುರಾಣದಲ್ಲಿ ಅವಳ ಮನೆತನವನ್ನು ಬರೆದ, ಲಕ್ಕುಂಡಿಯ 1007ರ ಶಾಸನ ಅವಳನ್ನು ಕೊಂಡಾಡಿತು. ಆದರೆ ಬಸದಿ ಕಟ್ಟಿಸುವ, ಕವಿಗೆ ಆಶ್ರಯ ಕೊಡುವ ಐಶ್ವರ್ಯ ಎಷ್ಟು ಜನ ಹೆಣ್ಣುಮಕ್ಕಳಿಗಿತ್ತು?

ಮದುವೆಯ ವರ್ಷದ ಜಾಡು ಹಿಡಿಯಲು ಅಜ್ಜಿ ಆಡುತ್ತಿದ್ದ ಮಾತೊಂದು ನೆರವಾಯಿತು. "ನಮ್ಮತ್ತಿ ಮದುವಿ ಆದದ್ದು ದೊಡ್ಡ ಜ್ವರ ಬರೋ ಹಿಂದಿನ ವರ್ಷ" ಎನ್ನುತ್ತಿದ್ದಳು. ಮನೆಮನೆಯಲ್ಲಿ ಹೆಣ ಬೀಳಿಸಿದ ಇನ್‌ಫ್ಲುಯೆಂಜಾ ಬಂದದ್ದು 1918ರಲ್ಲಿ, ಕಾಳಯುಕ್ತಿ ಸಂವತ್ಸರ. ಅದರ ಹಿಂದಿನದು ಪಿಂಗಳ, ಅಂದರೆ 1917ರ ಯುಗಾದಿಯಿಂದ 1918ರ ಯುಗಾದಿಯವರೆಗೆ. ಹಿರಿಯರು ಸಂವತ್ಸರದ ಹೆಸರು ಹೇಳಿದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆಂಬುದನ್ನು ನೆನಪಿಡಬೇಕು. ಬರ, ಬೇನೆ, ನೆರೆ ಯಾವುದಾದರೊಂದನ್ನು ಜೊತೆಗಿಟ್ಟುಕೊಂಡರೆ ಲೆಕ್ಕ ಕೂಡುತ್ತದೆ. ಇನ್ನೊಂದು ಮಾತು. ಹುಡುಗಿಯರಿಗೆ ಕನಿಷ್ಠ ಹದಿನಾಲ್ಕು ವರ್ಷ ಎಂದು ಗೊತ್ತುಮಾಡಿದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಅದಕ್ಕೆ ಮುಂಚೆ ತಾಳಿ ಕಟ್ಟಿದ ವರ್ಷವೊಂದು, ಮೈನೆರೆದು ಗಂಡನ ಮನೆಗೆ ಬಂದ ವರ್ಷ ಇನ್ನೊಂದು ಆಗಿರುತ್ತಿತ್ತು. "ಮದುವಿ ಆದದ್ದು" ಮತ್ತು "ಮನಿಗೆ ಬಂದದ್ದು" ಬೇರೆಬೇರೆಯಾಗಿ ಕೇಳಬೇಕು.

ಆದರೆ ಅಜ್ಜಿ ಅತ್ತೆಯ ಹೆಸರನ್ನು ಮಾತ್ರ ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಗಂಡನ ಹೆಸರನ್ನು ಒಡಪಿನಲ್ಲಾದರೂ ಹೇಳಬಹುದು. ಅತ್ತೆಯ ಹೆಸರಿಗೆ ಒಡಪೂ ಇಲ್ಲ.

ಹೆಸರು ಸಿಕ್ಕದ್ದು ಸೋದರಮಾವನ ಟ್ರಂಕಿನಲ್ಲಿದ್ದ, ಸ್ವಾತಂತ್ರ್ಯಕ್ಕೆ ಮುಂಚಿನ ಒಂದು ಕ್ರಯಪತ್ರದಲ್ಲಿ. ಬಾಗಳಿಯ ಇಂಥವರ ಮಗಳು, ಇಂಥವರ ಹೆಂಡತಿ ಎಂದು ಮೊದಲಾಗಿ, ಪಿಂಗಳ ಸಂವತ್ಸರದಲ್ಲಿ ತನ್ನ ಮದುವೆಯ ಕಾಲಕ್ಕೆ ತಂದೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲವನ್ನು ಮನೆಯ ಸಾಲ ತೀರಿಸಲು ಮಾರಿದ್ದಾಗಿ ಬರೆದಿತ್ತು. ಕೆಳಗೆ ಮಸುಕಾದ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಬರಹಗಾರ ಬರೆದ ಆಕೆಯ ಹೆಸರು. ತನಗೆಂದು ಇದ್ದ ಒಂದೇ ಹೊಲ ಕೈಬಿಡುವ ಗಳಿಗೆಯಲ್ಲಿ ಆಕೆಯ ಹೆಸರು ಕಾಗದಕ್ಕೆ ಬಂದಿತ್ತು.

ಓದಿದೊಡನೆ ಬೆಚ್ಚಿದೆ. ಆ ಹೆಸರು ನನಗೆ ಹೊಸದಲ್ಲ. ನನ್ನ ದೊಡ್ಡಮ್ಮನ ಶಾಲಾ ಸರ್ಟಿಫಿಕೇಟಿನಲ್ಲಿದ್ದ ಹೆಸರು ಅದೇ. ಮೊಮ್ಮಗಳಿಗೆ ಅಜ್ಜಿಯ ಹೆಸರಿಟ್ಟಿದ್ದರು. ಅತ್ತೆಯ ಹೆಸರು ಹಿಡಿದು ಮಗಳನ್ನು ಕರೆಯಲಾಗದೆ ಅಜ್ಜಿ ಅವಳನ್ನು ಅವ್ವಕ್ಕ ಎಂದು ಕರೆದಳು. ಲೋಕವೂ ಹಾಗೆಯೇ ಕರೆಯಿತು. ಕ್ರಯಪತ್ರ ಓದಿ ಹೇಳಿದಾಗ ದೊಡ್ಡಮ್ಮ ನಕ್ಕು, "ಹಂಗಾರ ಆಕಿ ಹೆಸರು ಕಾಯಾಕ ನನ್ನ ಹೆಸರೂ ಪೆಟ್ಟಿಗ್ಯಾಗ ಇಟ್ರು ಅನ್ನು" ಎಂದಳು.

ಚರ್ಚಿನ ಪುಸ್ತಕವಿದ್ದ ನಾಡಿನಲ್ಲೂ ಕಥೆ ಪೂರ್ತಿ ಬೇರೆಯಲ್ಲ. 1837ರಿಂದ ಇಂಗ್ಲೆಂಡಿನ ಮದುವೆಯ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರೂ ಕಸುಬೂ ಬರೆಯುತ್ತ ಬಂದರು. ತಾಯಂದಿರ ಹೆಸರು ಸೇರಿದ್ದು 2021ರ ಮೇ ತಿಂಗಳಲ್ಲಿ.

ನಮ್ಮಲ್ಲಿ ಮದುವೆ ನೋಂದಣಿಗೆ ಕರ್ನಾಟಕದ ಕಾಯ್ದೆ 1976ರದು. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಅದಕ್ಕೆ ಹಿಂದಿನವರ ಲೆಕ್ಕವನ್ನು ನಾವೇ ಬರೆಯಬೇಕು. ಮನೆಯ ಹಿರಿಯಳ ಬಳಿ ಕುಳಿತು ತಾಯಿ, ಅಜ್ಜಿ, ಅತ್ತೆಯರ ಹೆಸರು ಕೇಳಿ. ಬಾಯಿಂದ ಹೇಳಲು ನಾಚಿದರೆ ಬರೆದು ತೋರಿಸಲಿ, ಬರೆಯಲು ಬಾರದಿದ್ದರೆ ಯಾರಿಗೆ ಆ ಹೆಸರು ಇಟ್ಟಿದ್ದಾರೆಂದು ಕೇಳಿ. ತವರೂರನ್ನೂ ಮರೆಯಬೇಡಿ. ಹರಪನಹಳ್ಳಿ ತಾಲ್ಲೂಕು 1953ರವರೆಗೆ ಮದ್ರಾಸಿನದಾಗಿತ್ತು, 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂದು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಗಳು ಬದಲಾಗುತ್ತವೆ, ಬಾಗಳಿ ಬಾಗಳಿಯಾಗಿಯೇ ಇದೆ. ಅದರ ಪಕ್ಕದಲ್ಲಿ ಬಾಗಳೆವ್ವನ ಹೆಸರನ್ನು ಬರೆದಿಡುವುದಷ್ಟೇ ಬಾಕಿ ಇತ್ತು. ನಮ್ಮ ಮನೆಯ ಮಟ್ಟಿಗೆ ಅದು ಈಗ ಆಗಿದೆ.