ಶಿಶುಗಳ ರಾತ್ರಿಯುಡುಪು

ಹುಟ್ಟಿನಿಂದ ಸುಮಾರು ಒಂದು ವರ್ಷದವರೆಗಿನ ಮಕ್ಕಳಿಗೆ ಮಲಗುವಾಗ ತೊಡಿಸುವ ಬಟ್ಟೆ. ಇಲ್ಲಿ ಅಂದಕ್ಕಿಂತ ಉಸಿರಾಟ, ಮೈಬಿಸಿಗಳ ಕಾಳಜಿ ದೊಡ್ಡದು. ಸಡಿಲ ಹೊದಿಕೆ ಮುಖದ ಮೇಲೆ ಸರಿದು ಉಸಿರು ಕಟ್ಟಿಸಬಹುದು. ಆದ್ದರಿಂದಲೇ ತೋಳಿಲ್ಲದ ಮಲಗುಚೀಲ ಬಳಕೆಗೆ ಬಂದಿದೆ. ಕತ್ತು, ಕಂಕುಳಿನ ಬಳಿ ಅದು ಮೈಗೆ ಹೊಂದಿರಬೇಕು. ಕಾಲಾಡಿಸಲು ಕೆಳಗೆ ಅಗಲವಿರಬೇಕು. ಜಿಪ್ ಕೆಳಗಿನಿಂದ ತೆರೆಯುವಂತಿದ್ದರೆ ನಡುರಾತ್ರಿ ಎದೆ ಬರಿದಾಗಿಸದೆ ಲಂಗೋಟಿ ಬದಲಿಸಬಹುದು. ಅದರ ಮೇಲ್ತುದಿಗೆ ಬಟ್ಟೆಯ ಮರೆ ಇಲ್ಲದಿದ್ದರೆ ಗದ್ದ ತರಚುತ್ತದೆ. ಪಾದ ಮುಚ್ಚುವ ಉಡುಪಿನ ಒಳಭಾಗದಲ್ಲಿ ಉಳಿದ ಸಡಿಲ ದಾರವೊಂದು ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ತಡೆಯುವುದೂ ಉಂಟು.

ಅಮೆರಿಕದಲ್ಲಿ 1970ರ ದಶಕದಲ್ಲಿ ಮಕ್ಕಳ ರಾತ್ರಿಯುಡುಪು ಸುಲಭವಾಗಿ ಬೆಂಕಿ ಹಿಡಿಯಬಾರದೆಂಬ ನಿಯಮ ಬಂತು. ಅದಕ್ಕಾಗಿ ಬಳಸುತ್ತಿದ್ದ ಟ್ರಿಸ್ ಎಂಬ ರಾಸಾಯನಿಕವನ್ನು ಕ್ಯಾನ್ಸರ್ ಭೀತಿಯಿಂದ 1977ರಲ್ಲಿ ನಿಷೇಧಿಸಲಾಯಿತು. ಬೆಂಕಿಯ ಆ ನಿಯಮಕ್ಕೆ ತಂದ 1996ರ ತಿದ್ದುಪಡಿ 9 ತಿಂಗಳವರೆಗಿನ ಅಳತೆಯ ಉಡುಪಿಗೂ ಮೈಗಂಟುವ ಉಡುಪಿಗೂ ವಿನಾಯಿತಿ ಕೊಟ್ಟಿತು.

ತಲೆ ಮುಚ್ಚುವ ನಮ್ಮ ಕುಲಾವಿ, ಕುಂಚಿಗೆಗಳು ಗಾಳಿಗೆ ಹೊರಡುವಾಗ ಚೆನ್ನ. ಒಳಗೆ ಮಲಗಿಸುವಾಗ ಅವನ್ನು ತೆಗೆದಿಡಬೇಕು, ಏಕೆಂದರೆ ಮಗುವಿನ ಮೈಶಾಖದ ದೊಡ್ಡ ಪಾಲು ತಲೆಯ ಮೂಲಕ ಹೊರಹೋಗಬೇಕು. ಕತ್ತಿಗೆ ಕಟ್ಟುವ ದಾರವಂತೂ ರಾತ್ರಿಯುಡುಪಿನಲ್ಲಿ ಇರಲೇಕೂಡದು.