ತಿಪ್ಪೆಗೆ ಎಸೆದ ದೀಪ

ನಂಜನಗೂಡಿನ ಹತ್ತಿರದ ತಾಂಡ್ಯ ನನ್ನೂರು. ಮನೆಯ ನೀರಿನ ಫಿಲ್ಟರಿನಲ್ಲಿ ನೇರಳಾತೀತ ಬೆಳಕಿನದೊಂದು ಟ್ಯೂಬ್ ಇತ್ತು. ಅದು ಕೆಟ್ಟಾಗಲೆಲ್ಲ ಅಪ್ಪ ಹೊಸದು ಹಾಕಿಸಿ ಹಳೆಯದನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಹಿತ್ತಿಲ ತಿಪ್ಪೆಗೆ ಎಸೆದು ಬರುತ್ತಿದ್ದೆ. ಅದರೊಳಗೆ ಪಾದರಸ ಇರುತ್ತದೆಂದು ತಿಳಿದದ್ದು ಪಿಎಚ್‌.ಡಿ.ಗೆ ಸೇರಿದ ಮೇಲೆ. ಆ ತಿಪ್ಪೆಯ ಗೊಬ್ಬರ ನಮ್ಮ ಗದ್ದೆಗೇ ಹೋಗುತ್ತಿತ್ತು.

ಪಾದರಸದ ಆವಿಯಲ್ಲಿ ವಿದ್ಯುತ್ ಹರಿದಾಗ 254 ನ್ಯಾನೊಮೀಟರ್ ತರಂಗಾಂತರದ ಬೆಳಕು ಹೊಮ್ಮುತ್ತದೆ. ರೋಗಾಣುಗಳ ಡಿಎನ್‌ಎಗೆ ಪೆಟ್ಟು ಕೊಟ್ಟು ಅವು ಬೆಳೆಯದಂತೆ ಮಾಡುವುದು ಈ ಬೆಳಕೇ. ಪಾದರಸವಿಲ್ಲದೆ ಅದನ್ನು ಕೊಡಬಲ್ಲದ್ದು ಎಲ್‌ಇಡಿ. ಅದರ ಚರಿತ್ರೆ ಮಾತ್ರ ಬಹುಮಟ್ಟಿಗೆ ಬಿರುಕುಗಳ ಚರಿತ್ರೆ.

ಇದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳನ್ನು ಬೇರೊಂದು ಹರಳಿನ ಬಿಲ್ಲೆಯ ಮೇಲೆ ಬೆಳೆಸಬೇಕು. ಎರಡರ ಅಣುಜೋಡಣೆ ಹೊಂದುವುದಿಲ್ಲ. 1986ರಲ್ಲಿ ಜಪಾನಿನ ನಗೋಯಾದಲ್ಲಿ ಅಕಾಸಾಕಿ ಮತ್ತು ಅಮಾನೊ ನೀಲಮಣಿಯ ಬಿಲ್ಲೆಯ ಮೇಲೆ ಮೊದಲು ಅಲ್ಯುಮಿನಿಯಂ ನೈಟ್ರೈಡ್‌ನ ತೆಳು ಪದರ ಹಾಸಿದರು. ಅದರ ಮೇಲೆ ಹರಳು ನಯವಾಗಿ ಬೆಳೆಯಿತು. ನೀಲಿ ಎಲ್‌ಇಡಿಗಾಗಿ ಅವರಿಗೂ ನಕಮುರಾ ಅವರಿಗೂ 2014ರಲ್ಲಿ ನೊಬೆಲ್ ಬಂತು.

ನೀಲಮಣಿ ದುಬಾರಿ. ಚಿಪ್ಪುಗಳಿಗೆ ಬಳಸುವ ಸಿಲಿಕಾನ್ ಅಗ್ಗ, ದೊಡ್ಡ ಬಿಲ್ಲೆಗಳಲ್ಲಿ ಸಿಗುತ್ತದೆ. 1998ರಲ್ಲಿ ಐಬಿಎಂನ ಸುಪ್ರತಿಕ್ ಗುಹಾ ಮತ್ತು ನೆಸ್ಟರ್ ಬೊಜಾರ್‌ಚುಕ್ ಸಿಲಿಕಾನ್ ಮೇಲೆಯೇ ನೇರಳಾತೀತ ಎಲ್‌ಇಡಿ ಬೆಳಗಿಸಿ ತೋರಿಸಿದರು. ಆದರೆ ರೋಗಾಣು ಕೊಲ್ಲುವಷ್ಟು ಕಿರಿದಾದ ತರಂಗಾಂತರ ಬೇಕೆಂದರೆ ಹರಳಿನಲ್ಲಿ ಅಲ್ಯುಮಿನಿಯಂ ಹೆಚ್ಚಿಸಬೇಕು. ಹೆಚ್ಚಿಸಿದಷ್ಟೂ ಕೆಲಸ ಕಷ್ಟ. ಸಾಲದ್ದಕ್ಕೆ ಹೊಮ್ಮಿದ ಬೆಳಕನ್ನು ಕೆಳಗಿನ ಸಿಲಿಕಾನೇ ನುಂಗುತ್ತದೆ.

ನನ್ನ ಬಿಲ್ಲೆಗಳು ಒಡೆಯುವುದು ಸಾವಿರ ಡಿಗ್ರಿ ಕಾವಿನಲ್ಲಲ್ಲ, ತಣಿಯುವಾಗ. ಗ್ಯಾಲಿಯಂ ನೈಟ್ರೈಡ್ ಸಿಲಿಕಾನ್‌ಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಆ ಸೆಳೆತಕ್ಕೆ ಬಿರುಕು ಬೀಳುತ್ತದೆ. ನಡುವೆ ಪದರಗಳನ್ನಿಟ್ಟು ಸೆಳೆತ ತಗ್ಗಿಸುವ ಸಂಶೋಧನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಡೆದಿದೆ. ಅಕಾಸಾಕಿಯವರ ಉಪಾಯದ ಮುಂದುವರಿಕೆಯೇ ಅದು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅವ್ವ ಕೇಳಿದರು: "ನೀ ಮಾಡೋ ಲೈಟು ನಮ್ಮನೆ ಫಿಲ್ಟರಿಗೆ ಯಾವಾಗ ಬತ್ತದೆ?"

"ಇನ್ನೂ ತಡ ಆಯ್ತದೆ, ಅವ್ವ."

ಫಿಲ್ಟರಿನ ಟ್ಯೂಬ್ ಮತ್ತೆ ಕೆಟ್ಟಿತ್ತು. ಹಳೆಯದನ್ನು ಪೇಪರಿನಲ್ಲಿ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಲು ಮೈಸೂರಿಗೆ ಒಯ್ದೆ. ತಿಪ್ಪೆಗೆ ಹಿಂದೆ ಎಸೆದವುಗಳನ್ನು ಹೆಕ್ಕಿ ತರುವ ದಾರಿ ನನಗೆ ಗೊತ್ತಿಲ್ಲ.