ಟೆನೆರಿಫೆಯ ಮಂಜಿನಲ್ಲಿ ಒಂದು ವಾಕ್ಯ

1977ರ ಮಾರ್ಚ್ 27. ಟೆನೆರಿಫೆ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣಕ್ಕೆ ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನದ ಡಚ್ ಸಹಪೈಲಟ್ ರೇಡಿಯೋದಲ್ಲಿ ‘ವಿ ಆರ್ ನೌ ಅಟ್ ಟೇಕಾಫ್’ ಎಂದರು. ಸ್ಪ್ಯಾನಿಶ್ ಕಂಟ್ರೋಲರ್ ಅದನ್ನು ‘ಹೊರಡಲು ಸಿದ್ಧರಿದ್ದೇವೆ’ ಎಂದು ಅರ್ಥಮಾಡಿಕೊಂಡರು. ವಿಮಾನ ಆಗಲೇ ಓಡತೊಡಗಿತ್ತು. ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ಡಚ್ಚರು ‘ಆನ್ ಹೆಟ್’ ಬಳಸುತ್ತಾರೆ. ಆ ‘ಆನ್’ ಇಂಗ್ಲಿಷಿಗೆ ‘ಅಟ್’ ಆಗಿ ಬಂತೆಂಬ ವಾದವಿದೆ. ನನಗದು ಒಪ್ಪಿಗೆ. ನಾವೂ ಚಪ್ಪಲಿ ಹುಡುಕುತ್ತಲೇ ‘ಹೊರಟೆ’ ಎನ್ನುವುದಿಲ್ಲವೇ? ಆದರೆ ಭಾಷೆಯೊಂದನ್ನೇ ದೂರಲಾಗದು. ಕಂಟ್ರೋಲರ್ ‘ಕಾಯಿರಿ’ ಎಂದಾಗಲೇ ಪ್ಯಾನ್ ಆಮ್ ಪೈಲಟ್ ‘ನಾವಿನ್ನೂ ರನ್‌ವೇಯಲ್ಲೇ ಇದ್ದೇವೆ’ ಎಂದರು; ಎರಡೂ ಮಾತು ಒಂದರ ಮೇಲೊಂದು ಬಿದ್ದು, ಕೆಎಲ್‌ಎಂನವರಿಗೆ ಶಿಳ್ಳೆಯಂಥ ಸದ್ದಿನಲ್ಲಿ ಮಸುಕಾದವು. ಡಿಕ್ಕಿಯಲ್ಲಿ 583 ಜನ ಸತ್ತರು. ಈಗ ಅನುಮತಿ ಕೊಡುವಾಗ ಅಥವಾ ರದ್ದುಪಡಿಸುವಾಗ ಮಾತ್ರ ‘ಟೇಕಾಫ್’ ಎನ್ನಬೇಕು, ಉಳಿದಂತೆ ‘ಡಿಪಾರ್ಚರ್’.